ಸಣ್ಣತಾಯಮ್ಮನ ವಾರಸು ಕಾಗದ

ಜವಾನ ವರಾಂಡದಲ್ಲಿ ನಿಂತು ಮೂರನೆಯ ಸಲ ಕೂಗಿದ. "ಲೇಟ್ ಚಿಕ್ಕಮಾದು ಬಿನ್ ಮಂಟೇಸ್ವಾಮಿ. ವಾರಸು ಕೇಸು. ತಕರಾರು ಇರೋರು ಯಾರಾದರೂ ಬಂದಿದ್ದೀರಾ?"

ಉಳಿದವರೆಲ್ಲ ಕೋರ್ಟಿನ ಬಾಗಿಲ ಕಡೆ ನೋಡಿದರೆ ಸಣ್ಣತಾಯಮ್ಮ ಮಾತ್ರ ಗೇಟಿನ ಕಡೆ ನೋಡುತ್ತಿದ್ದಳು. ವಕೀಲರ ಗುಮಾಸ್ತ ಗೋವಿಂದಯ್ಯನಿಗೆ ಅದು ಸರಿಬರಲಿಲ್ಲ. ಹೋದ ವಾಯಿದೆಯಲ್ಲೂ ಅವಳು ಹೀಗೇ ನೋಡಿದ್ದಳು, ಅದರ ಹಿಂದಿನದರಲ್ಲೂ. ಯಾರೋ ಬರುವವರಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

ಚಾಮರಾಜನಗರದ ಕೋರ್ಟಿನ ಧೂಳನ್ನು ಇಪ್ಪತ್ತೆರಡು ವರ್ಷ ಕುಡಿದವನು ಗೋವಿಂದಯ್ಯ. ಗಂಡ ಸತ್ತವಳು ಹೇಗಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಇವಳ ಕೈತುಂಬ ಹಸಿರು ಬಳೆ. ವಾಯಿದೆಯ ದಿನ ತಲೆಯಲ್ಲಿ ಕನಕಾಂಬರ ಬೇರೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕಾಲ ಕೆಟ್ಟಿತು ಎಂದುಕೊಂಡ. ಸಾವಿರದ ಒಂಬೈನೂರ ಐವತ್ನಾಲ್ಕರಲ್ಲೇ ಹೀಗಾದರೆ ಮುಂದೆ ಹೇಗೋ.

ಅವಳ ಗಂಡ ಚಿಕ್ಕಮಾದು ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅರಸೀಕೆರೆಯ ಆಚೆ ಹಳಿ ಕೆಲಸಕ್ಕೆ ಹೋದವನು ಜ್ವರ ಬಂದು ತೀರಿಕೊಂಡ. ಜೊತೆಯವರೇ ಮಣ್ಣು ಮಾಡಿದರು. ಎಷ್ಟೋ ದಿನದ ಮೇಲೆ ಇಲಾಖೆಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಗುಂಡ್ಲುಪೇಟೆ ಕಡೆಯ ಅವಳ ಹಳ್ಳಿಯಲ್ಲಿ ಇಂಗ್ಲಿಷ್ ಬಲ್ಲವರು ಯಾರು? ಅದನ್ನು ಸೆರಗಿಗೆ ಕಟ್ಟಿಕೊಂಡು ನೇರವಾಗಿ ವಕೀಲರ ಮನೆಗೆ ಬಂದಳು. ಗೋವಿಂದಯ್ಯನೇ ಮನಸ್ಸಿನಲ್ಲೇ ಓದಿಕೊಂಡ. ಪ್ರಾವಿಡೆಂಟ್ ಫಂಡು ನಾನೂರ ಹನ್ನೆರಡು ರೂಪಾಯಿ ಇತ್ತು.

"ನೋಡಮ್ಮ, ನಿನ್ನ ಯಜಮಾನಂದು ಬರಬೇಕಾದರೆ ಕೋರ್ಟಿಂದ ವಾರಸು ಸರ್ಟಿಫಿಕೇಟು ಆಗಬೇಕು," ಎಂದಿದ್ದ. "ಖರ್ಚಿದೆ."

"ಇರ್ಲಿ ಬುದ್ದಿ. ಬಂದ್ರೆ ಸಾಕು."

ಅಲ್ಲಿಂದ ಶುರುವಾಯಿತು. ಅರ್ಜಿಗೆ ಸ್ಟಾಂಪು, ವಕಾಲತ್ತಿಗೆ ಸ್ಟಾಂಪು, ಟೈಪು ಮಾಡಿದವನಿಗೆ, ಊರಲ್ಲಿ ನೋಟೀಸು ಅಂಟಿಸಿ ಬಂದ ಅಮೀನನಿಗೆ, ಪ್ರಕಟಣೆ ಹಾಕಿದ ಮೈಸೂರಿನ ಪೇಪರಿಗೆ, ಕೊನೆಗೆ ವಕೀಲರಿಗೆ. ಎರಡು ಆಡು ಹೋದವು. ಕಾಲಿನ ಬೆಳ್ಳಿ ಕಡಗ ಹೋಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಸಲ ಗೋವಿಂದಯ್ಯನೇ ಕನಿಕರಪಟ್ಟು, "ಹೀಗೇ ಆದರೆ ಕೊನೆಗೆ ನಿನ್ನ ಕೈಗೆ ನೂರು ರೂಪಾಯೂ ಉಳಿಯಲ್ಲ, ಬಿಟ್ಟುಬಿಡಮ್ಮ," ಎಂದ.

ಅವಳು ಗಾಬರಿಯಾದಳು. "ದುಡ್ಡು ಓದ್ರೆ ಓಗ್ಲಿ ಬುದ್ದಿ, ನಿಲ್ಲುಸ್‌ಬ್ಯಾಡಿ," ಎಂದು ಕಾಲಿಗೆ ಬಿದ್ದಳು.

ದುಡ್ಡು ಬೇಡದವಳಿಗೆ ವಾರಸು ಯಾಕೆ? ಗೋವಿಂದಯ್ಯನ ತಲೆಯಲ್ಲಿ ಹುಳು ಹೊಕ್ಕಿತು. ಕಳೆದ ವಾಯಿದೆ ಮುಗಿದ ಮೇಲೆ ಅವಳ ಹಿಂದೆಯೇ ಹೋದ. ಅವಳು ಗುಂಡ್ಲುಪೇಟೆಯ ಬಸ್ಸು ಹತ್ತಲಿಲ್ಲ, ರೈಲ್ವೆ ಸ್ಟೇಷನ್ನಿಗೆ ನಡೆದಳು. ಕೊಳಾಯಿಯಲ್ಲಿ ಮುಖ ತೊಳೆದು ಹೂವು ಸರಿಮಾಡಿಕೊಂಡಳು. ಮೈಸೂರಿನ ಗಾಡಿ ಬಂತು. ಅರಿಸಿನದ ವ್ಯಾಪಾರಿಗಳು ಇಳಿದರು, ರೇಷ್ಮೆ ಗೂಡಿನವರು ಇಳಿದರು, ಒಂದು ಮದುವೆ ದಿಬ್ಬಣ ಇಳಿಯಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಪ್ಲಾಟ್‌ಫಾರಂ ಖಾಲಿಯಾಗಿ, ಎಂಜಿನ್ನು ತಿರುಗಿಸಿಕೊಳ್ಳಲು ಹೋದ ಮೇಲೂ ಅಲ್ಲೇ ನಿಂತಿದ್ದಳು. ಅಷ್ಟು ಒಂಟಿಯಾಗಿ ನಿಂತ ಮನುಷ್ಯರನ್ನು ಗೋವಿಂದಯ್ಯ ನೋಡಿರಲಿಲ್ಲ. ಮರುಕ ಹುಟ್ಟಿತು. ಅದರ ಬೆನ್ನಿಗೇ, ಆಸಾಮಿ ಯಾರೋ ಕೈಕೊಟ್ಟಿದ್ದಾನೆ ಎಂದೂ ಅನ್ನಿಸಿತು.

ಈ ದಿನ ಕಡೆಯ ವಾಯಿದೆ. ಮುನ್ಸೀಫರು ಕನ್ನಡಕದ ಮೇಲಿಂದ ನೋಡಿದರು.

"ಅರ್ಜಿಗೆ ಒತ್ತಿರೋ ಹೆಬ್ಬೆಟ್ಟು ನಿನ್ನದೇನಮ್ಮ?"

"ಊಂ ಬುದ್ದಿ."

"ಗಂಡನ ಹೆಸರು ಹೇಳು."

ಸಣ್ಣತಾಯಮ್ಮ ತಲೆ ತಗ್ಗಿಸಿದಳು. ಕಟ್ಟಿಕೊಂಡವನ ಹೆಸರನ್ನು ಬಾಯಲ್ಲಿ ಆಡುವುದುಂಟೇ? ಕೋರ್ಟಿನಲ್ಲಿ ನಗು ಎದ್ದಿತು. ಗೋವಿಂದಯ್ಯ ಅವಳ ಪರವಾಗಿ ಹೇಳಿದ.

"ಅವನು ಹೋಗಿ ಎಷ್ಟು ದಿನವಾಯಿತು?"

"ದೀವ್ಳಿಗೆ ಕಳುದ್‌ಮೇಲೆ ಓದ್ರು ಬುದ್ದಿ. ಬರೋ ದೀವ್ಳಿಗೆಗೆ ಎರಡೊರ್ಸ."

"ಮಕ್ಕಳು, ಅಣ್ಣತಮ್ಮಂದಿರು, ಬೇರೆ ಹಕ್ಕುದಾರರು ಯಾರಾದರೂ?"

"ಮಕ್ಳು ಉಳೀನಿಲ್ಲ. ಅವ್ರ್‌ಗೆ ನಾನೊಬ್ಳೇಯ, ನನ್ಗೂ ಅವ್ರೊಬ್ರೇಯ."

ಮುನ್ಸೀಫರು ರುಜು ಹಾಕಿದರು. ಒಂಬತ್ತು ತಿಂಗಳ ಕೇಸು ಅರ್ಧ ನಿಮಿಷದಲ್ಲಿ ತೀರಿತು. ಕಾಪಿಯ ಸ್ಟಾಂಪಿಗೂ ಅವಳ ಸೆರಗಿನ ಗಂಟೇ ಬಿಚ್ಚಿತು.

ಸಂಜೆ ಗೋವಿಂದಯ್ಯ ಸೀಲು ಒತ್ತಿದ ಕಾಗದವನ್ನು ತಂದು ಅವಳ ಕೈಗಿಟ್ಟ. ಅವಳು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ಆ ಮುಖದ ಸಂತೋಷ ನೋಡಿ ಗೋವಿಂದಯ್ಯನಿಗೆ ಯಾಕೋ ಸಂಕಟವಾಯಿತು. ತನಗೆ ಸಂಬಂಧವಿಲ್ಲದ ಮಾತು ಎಂದು ಗೊತ್ತಿದ್ದೂ ಕೇಳಿಬಿಟ್ಟ.

"ಈಗ ಸ್ಟೇಷನ್ನಿಗೇ ತಾನೆ? ನಿನ್ನ ವಿಷಯ ನನಗೆ ಗೊತ್ತು ಕಣಮ್ಮ. ಯಾರವನು?"

ಅವಳು ನಾಚಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಇದೇನ್ ಬುದ್ದಿ ಇಂಗ್ ಕೇಳೀರಿ? ವಾಯ್ದೆ ವಾಯ್ದೆಗೂ ನಮ್ಮಟ್ಟಿಯವ್ರ ಎಸ್ರಿಡ್ದು ಲೇಟು, ಲೇಟು ಅಂತ ನೀವೇ ಕೂಗುಸ್ತಿದ್ರಲ್ಲ; ಈಗ ಕೋರ್ಟೇ ಕಾಗ್ದ ಬರ್ಕೊಟ್‌ಮೇಲೆ, ಇವತ್ತಿನ್ ಗಾಡಿಗಾದ್ರೂ ಬಂದ್‌ಬುಟ್ಟಾರು, ಅಲ್ವಾ?"