ಪಾಲಾದ ತಂತಿ

“ಸಾಯೋ ತನಕ ನಿನ್ನ ಜೊತೆ ಮಾತಾಡಲ್ಲ. ಇದು ನನ್ನ ಮಾತು.”

ಮನೆ ಪಾಲಾದ ದಿನ ಗಡಿಯಾರ ರಿಪೇರಿಯ ಅಣ್ಣ ಫ್ರಿಜ್ ರಿಪೇರಿಯ ತಮ್ಮನಿಗೆ ಹೀಗೆ ಮಾತು ಕೊಟ್ಟಿದ್ದ. “ನಂದೂ ಅದೇ ಮಾತು,” ಎಂದು ತಮ್ಮ ತಿರುಗಿ ಕೊಟ್ಟಿದ್ದ. ಜಗಳ ಚಿನ್ನಕ್ಕಲ್ಲ, ಜಾಗಕ್ಕಲ್ಲ. ತಾರಸಿಯ ಈ ತುದಿಯಿಂದ ಆ ತುದಿಗೆ ಅಪ್ಪ ಎಳೆದಿದ್ದ ಆಂಟೆನಾ ತಂತಿಗೆ. ನಡುವೆ ಗೋಡೆ ಎದ್ದಿತು. ತಂತಿ ಯಾರ ಪಾಲಿಗೆ ಎಂಬುದು ಬಗೆಹರಿಯಲಿಲ್ಲ. ಕಡೆಗೆ ಇಬ್ಬರೂ ಸೇರಿ ಅದನ್ನು ನಟ್ಟನಡುವೆ ಕತ್ತರಿಸಿದರು. ಅವರು ಸೇರಿ ಮಾಡಿದ ಕೊನೆಯ ಕೆಲಸ ಅದೇ.

ಉದ್ದ ಅಲೆಗೆ ಉದ್ದ ತಂತಿಯೇ ಬೇಕು. ಎಂಬತ್ತು ಮೀಟರ್ ಬ್ಯಾಂಡಿನಲ್ಲಿ ಕೂರುವ ಅಣ್ಣನಂಥ ಹವ್ಯಾಸಿ ರೇಡಿಯೋದವರಿಗೆ ಇದು ಅ ಆ ಇ ಈ. ಅರ್ಧ ತಂತಿಯಲ್ಲಿ ಅಣ್ಣನ ಸದ್ದು ಪಕ್ಕದ ಊರು ದಾಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ತಮ್ಮನ ಪಾಲಿನ ಅರ್ಧದ ಮೇಲೆ ಅವನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅಪ್ಪನ ಆಂಟೆನಾದಿಂದ ಒಳಂಗಿ ನೇತಾಡುವುದನ್ನು ಕಂಡಾಗಲೆಲ್ಲ ಅಣ್ಣನಿಗೆ ಮೈ ಉರಿಯುತ್ತಿತ್ತು.

“ಕೈ ಹಿಡಿದು ಮೋರ್ಸ್ ಕೋಡ್ ಕಲಿಸಿದ್ದೆ ಅವನಿಗೆ. ರೇಡಿಯೋನೂ ಬಿಟ್ಟ, ಮಾನನೂ ಬಿಟ್ಟ.”

ಈಗ ಆ ಉರಿಗೆ ತುಪ್ಪ ಬಿದ್ದಿತ್ತು. ಭೂಮಿಯ ಅಂಚಿನಲ್ಲಿ ಹಿಮದ ದ್ವೀಪವೊಂದಿದೆ. ಅಲ್ಲಿ ಇರುವುದು ಒಂದು ಹವಾಮಾನ ಕೇಂದ್ರ ಮಾತ್ರ. ಕೆಲಸಕ್ಕೆ ಹೋದವರಲ್ಲಿ ಯಾರಿಗಾದರೂ ಈ ಹುಚ್ಚಿದ್ದರೆ ಕೇಂದ್ರದ ರೇಡಿಯೋ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ವರ್ಷಗಟ್ಟಲೆ ಮೌನ. ಅಪ್ಪ ಜೀವಮಾನವೆಲ್ಲ ಕರೆದು ಕರೆದು, ಉತ್ತರ ಸಿಗದೆ ಕಣ್ಣು ಮುಚ್ಚಿದ್ದು ಆ ದ್ವೀಪಕ್ಕಾಗಿಯೇ. ಅದು ಈಗ ಬಾಯಿ ಬಿಟ್ಟಿತ್ತು. ನಾಳೆ ಹಡಗು ಬಂದು ಅಲ್ಲಿಯವರನ್ನು ಕರೆದೊಯ್ಯುವುದಿತ್ತು. ಉಳಿದದ್ದು ಇವತ್ತಿನ ಮುಸ್ಸಂಜೆ; ಇಲ್ಲಿ ಸೂರ್ಯ ಮುಳುಗಿ ಅಲ್ಲಿ ಹುಟ್ಟುವ ಸಂದಿಯಲ್ಲಿ ದಾರಿ ತೆರೆಯುವ ಒಂದು ಗಳಿಗೆ.

ದ್ವೀಪದವನು ವಿಚಿತ್ರ ಆಸಾಮಿ. ಬೇರೆಯವರಿಗೆ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟು ಸಾಗಹಾಕುತ್ತಿದ್ದ. ಅಣ್ಣನ ಕರೆಗುರುತಿನ, ಅಂದರೆ ರೇಡಿಯೋ ಹೆಸರಿನ, ಚೂರು ಕಿವಿಗೆ ಬಿದ್ದರೆ ಮಾತ್ರ, ಮಿಕ್ಕವರನ್ನೆಲ್ಲ ಸುಮ್ಮನಿರಿಸಿ ‘ಮತ್ತೆ ಕಳಿಸು, ಮತ್ತೆ ಕಳಿಸು’ ಎಂದು ಕಾಯುತ್ತಿದ್ದ. ಎಷ್ಟು ಕಾದರೂ ಪೂರ್ತಿ ಕೇಳಿಸದೆ ಕೈಚೆಲ್ಲುತ್ತಿದ್ದ. ಮೋರ್ಸ್ ಕೀ ಕುಟ್ಟುವ ಕೈಯೂ ಅಷ್ಟಕ್ಕಷ್ಟೆ. ಚುಕ್ಕೆ ಗೆರೆಗಳ ಸಾಲಿನಲ್ಲಿ ಕೊನೆಯ ಗೆರೆಯನ್ನು ರಾಗದ ಹಾಗೆ ಎಳೆಯುತ್ತಿದ್ದ.

“ಯಾವ ಪುಣ್ಯಾತ್ಮ ಕಲಿಸಿದನೋ ಇವನಿಗೆ,” ಎಂದು ಅಣ್ಣ ಗೊಣಗಿದ.

“ನಿಮ್ಮಂಥವರೇ ಯಾರೋ ಇರಬೇಕು,” ಎಂದಳು ಹೆಂಡತಿ. “ನೀವೇನು ಕಡಿಮೆ ಎಳೀತೀರಾ? ಒಂದು ಜಗಳಾನ ಇಷ್ಟು ವರ್ಷ ಎಳೆದಿದ್ದೀರಿ. ಹೋಗಿ ಆ ಅರ್ಧ ತಂತಿ ಕೇಳಿ.”

“ಅವನ ಜೊತೆ ಮಾತಾಡಲ್ಲ.”

“ಅವನು ಊರಲ್ಲಿದ್ದರೆ ತಾನೇ ಮಾತಾಡೋಕೆ? ಅವನ ಹೆಂಡತಿಗೆ ನೀವೇನೂ ಮಾತು ಕೊಟ್ಟಿಲ್ವಲ್ಲ.”

ಇದು ಅಣ್ಣನಿಗೆ ಹೊಳೆದೇ ಇರಲಿಲ್ಲ. ತಾರಸಿ ಹತ್ತಿ, ಗೋಡೆಯ ಹತ್ತಿರ ನಿಂತು ಕೆಮ್ಮಿದ. ಆಚೆ ಕಡೆ ತಮ್ಮನ ಹೆಂಡತಿ ಬಟ್ಟೆ ತೆಗೆಯುತ್ತಿದ್ದಳು.

“ಅವನು ಕಾಣಿಸ್ತಿಲ್ಲ,” ಎಂದು ಅಣ್ಣ ಆಕಾಶಕ್ಕೆ ಹೇಳಿದ.

“ತಣ್ಣಗಿರೋ ಕಡೆ ಕೆಲಸ ಸಿಕ್ತು, ಭಾವ. ಬರೋ ಹೊತ್ತಾಯ್ತು.”

ಯಾವುದೋ ಕೋಲ್ಡ್ ಸ್ಟೋರೇಜ್ ಇರಬೇಕು ಎಂದುಕೊಂಡ ಅಣ್ಣ. ತಮ್ಮ ಹೋಗುವ ಮುಂಚೆ ಇದೇ ತಂತಿಯ ಮೇಲೆ ಬೆಕ್ಕಿನಷ್ಟು ದಪ್ಪದ ಉಣ್ಣೆಯ ಕಾಲುಚೀಲಗಳು ನೇತಾಡಿದ್ದು ನೆನಪಾಯಿತು. ಇರಲಿ, ಮೂಗು ಸೋರಿಸಿಕೊಂಡು ಬರಲಿ.

“ಈ ತಂತಿ... ಒಂದು ಸಂಜೆ ಮಟ್ಟಿಗೆ...”

ಅವಳು ಕೊನೆಯ ಕ್ಲಿಪ್ಪನ್ನು ಬುಟ್ಟಿಗೆ ಹಾಕಿದಳು. “ಇವತ್ತು ಕೇಳ್ತೀರಾ, ನಾಳೆ ಕೇಳ್ತೀರಾ ಅಂತ ಕಾದು ಸಾಕಾಗಿತ್ತು. ಜೋಡಿಸ್ಕೊಳ್ಳಿ. ಆ ಕಡೆಯವರಿಗೆ ಒಂದು ಸಲ ಕೇಳಿಸಿಬಿಡಲಿ, ಪಾಪ.”

ಪಾಪ ಯಾರಿಗೆ ಎಂದು ಕೇಳುವಷ್ಟು ವ್ಯವಧಾನ ಅಣ್ಣನಿಗಿರಲಿಲ್ಲ. ಬೆಳಕು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಎರಡೂ ತುದಿಗಳ ಕಿಲುಬು ಕೆರೆದು, ಗೋಡೆಯ ನೆತ್ತಿಯ ಮೇಲೆ ಹೊಸೆದು, ಬೆಸುಗೆ ಹಾಕಿದ. ಒಂದೊಂದು ಬಾರಿಗೆ ಎರಡೆರಡು ಮೆಟ್ಟಿಲಿಳಿದು ಬಂದು ಹೆಡ್‌ಫೋನ್ ಏರಿಸಿಕೊಂಡ. ಕರೆದ.

ದ್ವೀಪ ಒಂದೇ ಏಟಿಗೆ ಅವನ ಕರೆಗುರುತನ್ನು ಪೂರ್ತಿಯಾಗಿ ತಿರುಗಿ ನುಡಿಯಿತು.

ಅಪ್ಪನಿಗೆ ದಕ್ಕದ್ದು ದಕ್ಕಿತ್ತು. ಇಷ್ಟಾದ ಮೇಲೆ ದ್ವೀಪದವನು ಮುಂದಿನವರನ್ನು ಕರೆಯುವುದು ವಾಡಿಕೆ. ಅವನು ಕರೆಯಲಿಲ್ಲ. ಕೀ ಮತ್ತೆ ಕುಟ್ಟತೊಡಗಿತು, ನಿಧಾನವಾಗಿ, ಕೊನೆಯ ಗೆರೆಯನ್ನು ಎಳೆದೆಳೆದು. ಅಣ್ಣ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡ. ಅಕ್ಷರಗಳೇನೋ ಇಂಗ್ಲಿಷಿನವು, ಕೂಡಿಸಿ ಓದಿದರೆ ಯಾವ ಪದವೂ ಇಂಗ್ಲಿಷಲ್ಲ. ಬಾಯಿಬಿಟ್ಟು ಓದಿದ. ಪಕ್ಕದ ಕೋಣೆಯಲ್ಲಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅದು ಮನೆಮಾತು.

‘ತಂತಿ ಜೋಡಿಸಿದೆಯಾ ಅಣ್ಣ. ಇನ್ನು ಇವಳು ಬಟ್ಟೆ ಎಲ್ಲಿ ಒಣಗಿಸಬೇಕು.’

‘ಹಗ್ಗ ತಂದು ಕಟ್ಟುತ್ತೇನೆ,’ ಎಂದು ಅಣ್ಣ ಕುಟ್ಟಿದ, ತಾನು ಕಲಿಸಿದ ಹಾಗೆಯೇ ಕೊನೆಯ ಗೆರೆಯನ್ನು ಎಳೆದು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಕೊಟ್ಟ ಮಾತು ಉಳಿಯಿತು.