ಪಥ್ಯದ ಗೋಧಿ

ಜೆಲಿಹಾ ಹೆಬ್ಬಾತಿನ ಮಾಂಸದ ತಟ್ಟೆ ತಂದಿಟ್ಟಳು. ಗಂಡ ಬಿನಾಲಿ ಅದನ್ನು ಕಣ್ಣೆತ್ತಿಯೂ ನೋಡದೆ ಊಟಕ್ಕೆ ಬಂದಿದ್ದ ಡಾಕ್ಟರಮ್ಮನ ಕಡೆಗೆ ಸರಿಸಿ, ತನಗೆ ಕವಿಲ್ಜ ಗೋಧಿಯ ನುಚ್ಚನ್ನು ಮಾತ್ರ ಬಡಿಸಿಕೊಂಡ.

"ನೋಡು ಮಗಳೇ, ಕೊಬ್ಬು ಬೇಡ, ಬಿಳೀ ರೊಟ್ಟಿ ಬೇಡ, ಅಜ್ಜನ ಕಾಲದ ಕವಿಲ್ಜ ತಿನ್ನು ಅಂತ ನೀನೇ ಅಂದೆ. ಮೊದಲ ಹಿಮ ಬಿದ್ದು ಬಾತು ಕೊಯ್ದಾಗಿನಿಂದ ಒಂದು ಚೂರು ಮಾಂಸ ಬಾಯಿಗಿಟ್ಟಿಲ್ಲ. ಬೇಕಾದ್ರೆ ಇವಳನ್ನೇ ಕೇಳು."

"ಇಟ್ಟಿಲ್ಲ," ಎಂದು ಜೆಲಿಹಾ ತುಟಿ ಬಿಗಿದುಕೊಂಡಳು.

ಡಾಕ್ಟರ್ ಪೆಲಿನ್ ದೂರದ ಕಡಲತೀರದ ಊರಿನಿಂದ ಹೋದ ಬೇಸಿಗೆಯಲ್ಲಷ್ಟೇ ಕಾರ್ಸ್ ಸೀಮೆಯ ಈ ಹಳ್ಳಿಗೆ ಬಂದವಳು. "ಮತ್ತೆ ಸಕ್ಕರೆ ಯಾಕೆ ಇಳಿದಿಲ್ಲ ಚಿಕ್ಕಪ್ಪ? ಕೊಬ್ಬು ಬೇರೆ ಏರಿದೆ. ಹೀಗೇ ಆದ್ರೆ ದಿನಾ ಹೊಟ್ಟೆಗೆ ಸೂಜಿ ಚುಚ್ಚಬೇಕಾಗುತ್ತೆ."

ಒದೆಯುವ ಕುದುರೆಗೂ ಹೆದರದ ಬಿನಾಲಿಯ ಮುಖ ಬಿಳುಪೇರಿತು.

ಪೆಲಿನ್ ತಾನೂ ಜಿಡ್ಡು ಬಿಟ್ಟವಳು. ಮಾಂಸವನ್ನು ಪಕ್ಕಕ್ಕಿಟ್ಟು ಒಂದು ಚಮಚ ನುಚ್ಚು ಬಾಯಿಗಿಟ್ಟಳು. "ಬರೀ ಗೋಧಿಗೆ ಇಷ್ಟು ರುಚೀನಾ?"

"ಈ ಗೋಧಿ ಜಾತಿಯೇ ಹಾಗೆ," ಎಂದ ಬಿನಾಲಿ. "ಸುಲಭಕ್ಕೆ ಹೊಟ್ಟೂ ಬಿಡಲ್ಲ, ಗುಟ್ಟೂ ಬಿಡಲ್ಲ."

ಪೆಲಿನ್ ಎರಡನೆಯ ಸಲ ಹಾಕಿಸಿಕೊಂಡಳು. ಮೂರನೆಯ ಸಲ ತಾನೇ ಕೈ ಚಾಚಿದಳು. "ಚಿಕ್ಕಮ್ಮ, ಇದನ್ನ ಹೇಗೆ ಮಾಡ್ತೀರಿ? ನಮ್ಮಮ್ಮಂಗೆ ಹೇಳ್ಬೇಕು."

ಬಿನಾಲಿಯ ಚಮಚ ಅಲ್ಲೇ ನಿಂತಿತು. ಮಂಡಿಗಳ ಮೇಲೆ ಹರಡಿದ ಊಟದ ಹಾಸುಬಟ್ಟೆಯ ಕೆಳಗೆ ಹೆಂಡತಿಯ ಕಾಲನ್ನು ಮೆಲ್ಲನೆ ಒತ್ತಿದ.

"ಕಾಲು ತೆಗೀರಿ," ಎಂದು ಜೆಲಿಹಾ ಎದ್ದಳು. "ಹೇಳೋಕೆ ನಂಗೆ ಬರಲ್ಲ ಮಗಳೇ. ಇನ್ನೊಂದು ತಪ್ಪಲೆ ಒಲೇಲೇ ಇದೆ, ಬಾ ನೋಡು."

ಹಿತ್ತಲ ಕೋಣೆಯಲ್ಲಿ ನೆಲದೊಳಗಿನ ಒಲೆಯ ಮುಚ್ಚಳ ಸರಿಸಿದಳು. ಹೆಬ್ಬಾತು ಕೆಂಡದ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು. ಅದರ ಕೊಬ್ಬೆಲ್ಲ ಕರಗಿ, ಹನಿಹನಿಯಾಗಿ, ಕೆಳಗಿನ ತಪ್ಪಲೆಯಲ್ಲಿ ಬೇಯುತ್ತಿದ್ದ ಕವಿಲ್ಜದೊಳಗೆ ಇಳಿಯುತ್ತಿತ್ತು. ಗೋಧಿ ಒಂದು ಹನಿಯನ್ನೂ ಬಿಡದೆ ಕುಡಿಯುತ್ತಿತ್ತು. ಪೆಲಿನ್ ತುಟಿಯ ಮೇಲೆ ಬೆರಳಾಡಿಸಿ ನೋಡಿದಳು. ಬೆರಳು ಮಿರಮಿರ ಮಿಂಚಿತು.

ಅವಳು ಒಳಗೆ ಬಂದಾಗ ಬಿನಾಲಿ ಅಂಗಿ ಮೇಲೆತ್ತಿ, ಹೊಟ್ಟೆ ತೋರಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ.

"ಅಂಗಿ ಇಳಿಸಿ ಚಿಕ್ಕಪ್ಪ. ಇವತ್ತಿಂದ ಪಥ್ಯ ಬದಲು," ಎಂದು ಪೆಲಿನ್ ಕೊಬ್ಬಿಳಿದು ಒಣಗಿದ ಬಾತಿನ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ಇದನ್ನ ನೀವು ತಿನ್ನಿ."

ಗೋಧಿಯ ಹರಿವಾಣವನ್ನು ತನ್ನ ಕಡೆಗೆ ಎಳೆದುಕೊಂಡಳು.