ಬೆಚ್ಚಗಿನ ಉಂಗುರ

"ಮೈಮೇಲೆ ಲೋಹದ್ದೇನೂ ಇರಬಾರದು" ಎಂದು ಸ್ಕ್ಯಾನಿಂಗ್ ಕೋಣೆಯ ನರ್ಸ್ ಹೇಳಿದಾಗ, ಒಬ್ಬಳೇ ಬಂದಿದ್ದ ಆಕೆ ತೀರಿಹೋದ ಗಂಡ ತೊಡಿಸಿದ್ದ ಉಂಗುರವನ್ನು ಮೊದಲ ಸಲ ಕಳಚಿದಳು. ಎಲ್ಲಿಡುವುದೆಂದು ತೋಚದೆ ನಿಂತಾಗ, ತನ್ನ ಸರದಿಗೆ ಕಾಯುತ್ತಿದ್ದ ಅಪರಿಚಿತ ಹೆಂಗಸೊಬ್ಬಳು ಅಂಗೈ ಚಾಚಿದಳು.

"ಕೊಡಿ ಅಕ್ಕಾ. ಎತ್ಕೊಂಡು ಓಡೋಣ ಅಂದ್ರೂ ನನ್ನ ಮಂಡಿ ಬಿಡಲ್ಲ."

ಒಳಗೆ ಯಂತ್ರ ಗಡಗಡಿಸುತ್ತಿದ್ದಷ್ಟು ಹೊತ್ತೂ ಆಕೆ ಆ ಮಂಡಿಯನ್ನೇ ನೆನೆದು ಭಯ ನುಂಗಿಕೊಂಡಳು.

ಹೊರಬಂದರೆ ಆ ಹೆಂಗಸು ಮುಷ್ಟಿ ಬಿಗಿಹಿಡಿದು ಅಲ್ಲೇ ಕೂತಿದ್ದಳು. "ಪಕ್ಕದ ಸ್ಕ್ಯಾನಿಂಗ್ ಕೋಣೆಯಿಂದ ಎರಡು ಸಲ ಕರೆದ್ರು, ಇವರು ಏಳಲೇ ಇಲ್ಲ" ಎಂದು ನರ್ಸ್ ಗೊಣಗಿದಳು.

"ನಾನು ಕಾಣದಿದ್ರೆ ನಿಮಗೆ ಗಾಬರಿಯಾಗ್ತಿತ್ತಲ್ಲ, ಅಕ್ಕಾ."

ಉಂಗುರ ಬೆರಳಲ್ಲೇ ಇದ್ದಷ್ಟು ಬೆಚ್ಚಗಿತ್ತು. ಆಕೆ ಅದನ್ನು ತೊಟ್ಟು, ಪಕ್ಕದಲ್ಲಿ ಕೂತು, ಅಂಗೈ ಚಾಚಿದಳು.

"ಈಗ ನಿನ್ನ ಓಲೆ ಬಿಚ್ಚಿ ಕೊಡು, ತಂಗಿ. ಎಷ್ಟೊತ್ತಾದ್ರೂ ಇಲ್ಲೇ ಇರ್ತೀನಿ."